ಹಿಡಿಯ ತೂಕ

ಬೆಳಗಿನ ಈ ಹೊತ್ತಿನಲ್ಲಿ ನನ್ನ ಮಾತನ್ನು ಕೇಳುತ್ತಿರುವ ಮಹನೀಯರಲ್ಲಿ ಕೆಲವರಾದರೂ ಕನ್ನಡಿಯ ಮುಂದೆ ನಿಂತು, ಅರ್ಧ ಮುಖ ನೊರೆಯಲ್ಲಿರುವಂತೆಯೇ ಉಳಿದರ್ಧವನ್ನು ಹೆರೆದುಕೊಳ್ಳುತ್ತಿರಬಹುದು. ಅವರು ಕೈ ನಿಲ್ಲಿಸಬೇಕಾಗಿಲ್ಲ. ನಾನು ಮಾತನಾಡಹೊರಟಿರುವುದು ಅವರ ಕೈಯಲ್ಲಿರುವ ವಸ್ತುವನ್ನು ಕುರಿತೇ. ಬ್ಲೇಡಿನ ಗುಣದೋಷಗಳನ್ನು ಎಲ್ಲರೂ ಬಲ್ಲರು; ಹಿಡಿಯ ವಿಚಾರವನ್ನು ಕೇಳುವವರು ಕಡಮೆ. ಸೇಫ್ಟಿ ರೇಜರಿನ ಹಿಡಿ ಎಷ್ಟು ತೂಗಿದರೆ ಚೆನ್ನ?

ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ಹದಿನೆಂಟರ ಪ್ರಾಯದಿಂದ ಎಂಬತ್ತರವರೆಗೆ ದಿನ ಬಿಟ್ಟು ದಿನ ಮುಖ ಹೆರೆದುಕೊಳ್ಳುವವನು ಹನ್ನೊಂದು ಸಾವಿರಕ್ಕೂ ಹೆಚ್ಚು ಸಲ ಆ ಹಿಡಿಯನ್ನು ಹಿಡಿಯುತ್ತಾನೆ. ಮದುವೆಗೆ ಉಡುವ ಪಂಚೆಯ ಅಂಚನ್ನು ಅರ್ಧ ಗಂಟೆ ನೋಡಿ ಆರಿಸುವವರು ಇದನ್ನು ಅರೆಗಳಿಗೆಯಲ್ಲಿ ಕೊಂಡುಬಿಡುತ್ತಾರೆ. ಈಚೆಗೆ ಎರಡು ಅಲಗಿನ ಬ್ಲೇಡು ಹಾಕುವ ಹಳೆಯ ರೀತಿಯ ಲೋಹದ ರೇಜರುಗಳಿಗೆ ಮತ್ತೆ ಮರ್ಯಾದೆ ಬಂದಿದೆಯಷ್ಟೆ. ಸಯ್ಯಾಜಿರಾವ್ ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಅಂಗಡಿಯವರು ಮೊದಲು ಆಡಿದ ಮಾತು, “ಹಿಡ್ದು ನೋಡಿ ಸಾರ್, ಏನು ತೂಕ ಇದೆ!” ಕನ್ನಡವೂ ಅವರ ಪಕ್ಷವನ್ನೇ ವಹಿಸುತ್ತದೆ. ನಮ್ಮಲ್ಲಿ ತೂಕವೆಂದರೆ ಭಾರವೂ ಹೌದು, ಘನತೆಯೂ ಹೌದು. ತೂಕದ ಮನುಷ್ಯ, ತೂಕದ ಮಾತು ಎನ್ನುವ ನಾವು ಹಗುರವಾದುದನ್ನೆಲ್ಲ ಹಗುರವಾಗಿಯೇ ಕಾಣುತ್ತೇವೆ. ಭಾರವಾದ ಹಿಡಿಯೇ ಒಳ್ಳೆಯ ಹಿಡಿ ಎಂಬ ನಂಬಿಕೆ ಹುಟ್ಟುವುದು ಎಷ್ಟು ಸುಲಭ ನೋಡಿ.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕಠೋಪನಿಷತ್ತು ಆತ್ಮಜ್ಞಾನದ ಹಾದಿಯನ್ನು ಹೋಲಿಸಿದ್ದು ಕ್ಷುರದ ಅಲಗಿಗೆ. ಹಿಡಿಯ ಗೊಡವೆಗೆ ಋಷಿಗಳೂ ಹೋಗಲಿಲ್ಲ. ಮಡಿಸುವ ಕ್ಷೌರದ ಕತ್ತಿಯಲ್ಲಿ ನಾವು ಹಿಡಿಯೆಂದು ಕರೆಯುವುದು ನಿಜವಾಗಿ ಅದರ ಒರೆ. ಕ್ಷೌರಿಕರ ಬೆರಳು ಹಿಡಿದಿರುವುದು ಅಲಗಿನ ಬುಡದ ಉಕ್ಕನ್ನು; ಹಿಡಿ ಹಿಂದಕ್ಕೆ ಬಾಗಿಕೊಂಡು ಸುಮ್ಮನಿರುತ್ತದೆ. ಬ್ಲೇಡನ್ನು ಎರಡಾಗಿ ಮುರಿದು ಅರ್ಧವನ್ನು ಸಿಕ್ಕಿಸುವ ಇಂದಿನ ಅಂಗಡಿಯ ಕತ್ತಿಯಲ್ಲಿಯೂ ಹೀಗೆಯೇ.

ಹಿಡಿಗೆ ಕೆಲಸ ಬಂದದ್ದು ಅಲಗು ಅದಕ್ಕೆ ಅಡ್ಡಲಾಗಿ ನಿಂತಾಗ. 1847ರಲ್ಲಿ ವಿಲಿಯಂ ಹೆನ್ಸನ್ ಎಂಬ ಇಂಗ್ಲಿಷ್ ಗೃಹಸ್ಥ ಇಂಥ ಒಂದು ರೇಜರಿಗೆ ಪೇಟೆಂಟು ಪಡೆದ. ಅದರ ಆಕಾರವನ್ನು ತಿಳಿಸಲು ಅವನೇ ಕೊಟ್ಟ ಹೋಲಿಕೆ ಗುದ್ದಲಿಯದು. (ಈತ ಅದಕ್ಕೆ ಕೆಲವು ವರ್ಷ ಮುಂಚೆ ಉಗಿಯ ಬಲದಿಂದ ಹಾರುವ ವಿಮಾನದ ಕನಸು ಕಂಡಿದ್ದವನು. ಆಕಾಶ ದಕ್ಕಲಿಲ್ಲ, ಗಲ್ಲ ದಕ್ಕಿತು.) ಗುದ್ದಲಿಯೆಂದ ಮೇಲೆ ಕಾವು ಬೇಕಲ್ಲ! ನಮ್ಮ ರೇಜರಿನ ಹಿಡಿ ಹುಟ್ಟಿದ್ದು ಗುದ್ದಲಿಯ ಕಾವಿನಂತೆ.

ಎಸೆಯುವ ತೆಳು ಬ್ಲೇಡನ್ನು ಹಾಕುವ ರೇಜರನ್ನು ಕಿಂಗ್ ಕ್ಯಾಂಪ್ ಜಿಲೆಟ್ ಮಾರಾಟಕ್ಕಿಟ್ಟದ್ದು 1903ರಲ್ಲಿ. ಆ ವರ್ಷ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಹಂಚಿದ ರೇಜರುಗಳು ಸುಮಾರು 35 ಲಕ್ಷ. ಅವು ಬಹುಮಟ್ಟಿಗೆ ಹಿತ್ತಾಳೆಯವು, ಮೇಲೆ ಕಲಾಯಿಯಂತೆ ಬೆಳ್ಳಿಯ ಲೇಪ. ಹಿತ್ತಾಳೆಯನ್ನು ಆರಿಸಿದ್ದು ಗಲ್ಲದ ಹಿತಕ್ಕಾಗಿ ಎಂದು ಭಾವಿಸಬೇಡಿ; ಕಡೆಯುವುದಕ್ಕೆ, ತಿರುಪು ಕೊರೆಯುವುದಕ್ಕೆ ಅದು ಸುಲಭ, ನೀರಿಗೆ ತುಕ್ಕು ಹಿಡಿಯುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಹಿತ್ತಾಳೆ ತೋಟಾಗಳಿಗೆ ಹೋಯಿತು. ಅದೇ ಕಂಪನಿ ಪ್ಲಾಸ್ಟಿಕ್ಕಿನ ಹಿಡಿ ಹಾಕಿ ಮಾರಿತು. ಆಗ ಯಾರ ಗಡ್ಡವೂ ಬೆಳೆದು ನಿಲ್ಲಲಿಲ್ಲ.

ನಮ್ಮ ದೇಶದ ಕಥೆ ಇನ್ನೂ ಸ್ವಾರಸ್ಯವಾದದ್ದು. 2002ರಲ್ಲಿ ಜಿಲೆಟ್ ಕಂಪನಿ ಭಾರತಕ್ಕೆಂದು ತಂದ ಒಂದು ರೇಜರನ್ನು ಪರೀಕ್ಷಿಸಿದ್ದು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಿಂದ. ಆ ಹುಡುಗರಿಗೆ ಅಲ್ಲಿ ನಲ್ಲಿಯಲ್ಲಿ ನೀರು ಧಾರಾಳ. ಇಲ್ಲಿಯ ಗೃಹಸ್ಥ ನೆಲದ ಮೇಲೆ ಕೂತು, ಗೋಡೆಗೆ ಕನ್ನಡಿ ಒರಗಿಸಿ, ಒಂದು ಲೋಟ ನೀರಿನಲ್ಲಿ ಎಲ್ಲ ಮುಗಿಸುವವನು. ಕೂದಲು ಸಿಕ್ಕಿಕೊಂಡಿತು, ರೇಜರು ಸೋತಿತು. ಆ ಮೇಲೆ ಮನೆಮನೆಗೆ ಬಂದು ಕೂತು ನೋಡಿ 2010ರಲ್ಲಿ ತಂದದ್ದು ಹದಿನೈದು ರೂಪಾಯಿಯ ‘ಗಾರ್ಡ್’. ಅದರ ಹಿಡಿಯನ್ನು ಟೊಳ್ಳು ಮಾಡಿದರು. ಟೊಳ್ಳಾದರೆ ಹಗುರ, ಹಗುರವಾದರೆ ಪ್ಲಾಸ್ಟಿಕ್ ಉಳಿತಾಯ. ಹೀಗೆ, ಭಾರದ ಹಿಡಿಯಾಗಲಿ ಹಗುರದ ಹಿಡಿಯಾಗಲಿ, ಅದರ ತೂಕವನ್ನು ನಿಶ್ಚಯಿಸಿದ್ದು ಲೋಹದ ಬೆಲೆ, ಯುದ್ಧ, ವ್ಯಾಪಾರ. ಚರ್ಮವನ್ನು ಕೇಳಿ ನಿಶ್ಚಯಿಸಿದವರು ವಿರಳ.

ಹಾಗಾದರೆ ನಾವೇ ಕೇಳೋಣ. ಭಾರದ ಹಿಡಿಯ ಪಕ್ಷಪಾತಿಗಳ ವಾದ ಒಂದೇ: ನೀವು ಒತ್ತಬೇಡಿ, ರೇಜರಿನ ತೂಕವೇ ಒತ್ತಿಕೊಳ್ಳುತ್ತದೆ. ಕೇಳಲು ಸೊಗಸಾದ ಮಾತು. ಎಳನೀರು ಕೆತ್ತುವವರ ಮಚ್ಚಿನಲ್ಲಿ ಅದು ಪೂರ್ತಿ ನಿಜ. ಬೀಸಿದ ಮಚ್ಚಿನ ತೂಕವೇ ಕಾಯಿಯನ್ನು ಸೀಳುತ್ತದೆ, ಅದಕ್ಕೇ ಅದರ ಭಾರವೆಲ್ಲ ಅಲಗಿನಲ್ಲಿ. ರೇಜರನ್ನು ಯಾರೂ ಬೀಸುವುದಿಲ್ಲ. ಅಲ್ಲದೆ ಕನ್ನಡಿಯ ಮುಂದೆ ನಿಂತವನ ಕೆನ್ನೆ ಗೋಡೆಯ ಹಾಗೆ ನೆಟ್ಟಗಿದೆ. ತೂಕ ಎಳೆಯುವುದು ನೆಲದ ಕಡೆಗೆ, ಕೆನ್ನೆಯ ಕಡೆಗಲ್ಲ. ಕಪೋಲದಿಂದ ಕೆಳಕ್ಕೆ ಎಳೆಯುವಾಗ ಭಾರದ ರೇಜರು ತಾನಾಗಿ ಇಳಿದು ಬರುತ್ತದೆ. ಅದರ ಸ್ವಲ್ಪ ಪಾಲು ಮಾತ್ರ ಚರ್ಮದ ಮೇಲೆ ಒರಗುತ್ತದೆ. ಗದ್ದದ ಅಡಿಗೆ ಬಂದರೆ ಚರ್ಮ ಮೇಲಿದೆ, ರೇಜರು ಕೆಳಗಿದೆ. ಅಲ್ಲಿ ತೂಕ ಮುಖದಿಂದ ದೂರಕ್ಕೇ ಎಳೆಯುತ್ತದೆ. ಕೂದಲ ಎದುರಿಗೆ, ಕೆಳಗಿನಿಂದ ಮೇಲಕ್ಕೆ ಹೆರೆಯುವಾಗಲಂತೂ ಅದು ಬರಿಯ ಹೊರೆ. ತೂಕವೇ ಒತ್ತಿಕೊಳ್ಳುವುದು, ಅಂದರೆ, ಮುಖ ಆಕಾಶವನ್ನು ನೋಡುತ್ತಿರುವಾಗ ಮಾತ್ರ: ಕ್ಷೌರದ ಅಂಗಡಿಯ ಒರಗು ಕುರ್ಚಿಯಲ್ಲಿ, ಇಲ್ಲವೆ ಹಾಸಿಗೆಯಲ್ಲಿ.

ಹಾಸಿಗೆಯ ಮಾತನ್ನು ನಾನು ಸುಮ್ಮನೆ ಎತ್ತಲಿಲ್ಲ. ತೊಂಬತ್ತರ ಅಂಚಿನಲ್ಲಿರುವ ನಮ್ಮ ತಂದೆಯವರು ಸೊಂಟದ ಮೂಳೆ ಮುರಿದುಕೊಂಡು ಮಲಗಿದ ಮೇಲೆ ಅವರ ಮುಖಕ್ಷೌರ ನನ್ನ ಪಾಲಿಗೆ ಬಂತು. ಮೂವತ್ತು ವರ್ಷ ಮನೆಗೆ ಬರುತ್ತಿದ್ದ ಕ್ಷೌರಿಕರು ತಮ್ಮ ಕೈಯೇ ಈಗ ನಡುಗುತ್ತದೆಂದು ಹೇಳಿ ನಿಲ್ಲಿಸಿದ್ದರು. ತಂದೆಯವರು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಇಂಥವರಿಗೆ ಸಣ್ಣ ಗಾಯವಾದರೂ ರಕ್ತ ಬಹಳ ಹೊತ್ತು ನಿಲ್ಲುವುದಿಲ್ಲ. ಆ ವಯಸ್ಸಿನ ಚರ್ಮವೋ ಈರುಳ್ಳಿಯ ಒಳಸಿಪ್ಪೆಯಂತೆ. ಮುಖ ಹೆರೆಯದೆ ಬಿಟ್ಟರಾಯಿತಲ್ಲ ಎಂದವರೂ ಉಂಟು. ಆದರೆ ಜೀವಮಾನವೆಲ್ಲ ನುಣ್ಣಗೆ ಮುಖ ಹೆರೆದುಕೊಂಡು ಹೊರಗೆ ಬಂದ ಮನುಷ್ಯ, ಕುರುಚಲು ಗಡ್ಡದಲ್ಲಿ ನೆಂಟರನ್ನು ನೋಡಲು ಒಪ್ಪುತ್ತಿರಲಿಲ್ಲ. ಯಾರಾದರೂ ಬಂದರೆ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಳ್ಳುತ್ತಿದ್ದರು.

ನನ್ನಲ್ಲಿ ಎರಡು ಹಿಡಿಗಳಿದ್ದುವು. ಒಂದು ತಂದೆಯವರದೇ ಹಳೆಯ ಅಲ್ಯೂಮಿನಿಯಂ ಹಿಡಿ. ಇನ್ನೊಂದು ಮಕ್ಕಳು ನನಗೆ ಉಡುಗೊರೆ ಕೊಟ್ಟ ಗಟ್ಟಿ ಹಿತ್ತಾಳೆಯದು. ತಿರುಪು ಎರಡಕ್ಕೂ ಒಂದೇ, ಆದ್ದರಿಂದ ಒಂದೇ ತಲೆ ಎರಡಕ್ಕೂ ಕೂಡುತ್ತಿತ್ತು. ಅಳತೆಯೂ ಸರಿಸುಮಾರು ಒಂದೇ: ಎಂಟೂವರೆ ಸೆಂಟಿಮೀಟರು ಉದ್ದ, ಹನ್ನೊಂದು ಮಿಲಿಮೀಟರು ದಪ್ಪ. ಅಡಿಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟಾಗ ತಲೆ 30 ಗ್ರಾಂ, ಅಲ್ಯೂಮಿನಿಯಂ ಹಿಡಿ 22, ಹಿತ್ತಾಳೆಯದು 69. ಅದೇ ಅಳತೆಯಲ್ಲಿ ನಮ್ಮೂರಿನ ಬೀಟೆ ಮರದ ಹಿಡಿ ಮಾಡಿಸಿದರೆ ಏಳು ಗ್ರಾಂ ತೂಗೀತು, ಟೈಟೇನಿಯಂನದಾದರೆ 36, ಉಕ್ಕಿನದಾದರೆ 64. ಬ್ಲೇಡು ಒಂದು ಗ್ರಾಮಿಗೂ ಕಡಮೆ. ಕೊಯ್ಯುವ ವಸ್ತು ಅಷ್ಟು, ಹಿಡಿಯುವ ವಸ್ತು ಇಷ್ಟು!

ಆಮೇಲೆ ಒಂದು ಪರೀಕ್ಷೆ. ಇದನ್ನು ಯಾರೂ ಮನೆಯಲ್ಲಿ ಮಾಡಬಹುದು. ಬ್ಲೇಡಿಲ್ಲದ ರೇಜರಿನ ತಲೆಯನ್ನು ತಕ್ಕಡಿಯ ತಟ್ಟೆಯ ಮೇಲೆ ಊರಿ, ಹಿಡಿಯನ್ನು ಅಡ್ಡಲಾಗಿ, ಅದರ ಮಧ್ಯದಲ್ಲಿ ಎರಡು ಬೆರಳಿನಿಂದ ಸಡಿಲವಾಗಿ ಹಿಡಿಯಬೇಕು. ಅಲ್ಯೂಮಿನಿಯಂ ಹಿಡಿಯಿದ್ದಾಗ ತಟ್ಟೆಯ ಮೇಲೆ ಬಿದ್ದ ಭಾರ 31 ಗ್ರಾಂ, ಹಿತ್ತಾಳೆಯದಿದ್ದಾಗ 33. ಹಿಡಿಯ ತೂಕ ಮೂರು ಪಾಲಾದರೂ ಚರ್ಮಕ್ಕೆ ತಟ್ಟುವುದು ಎರಡೇ ಗ್ರಾಂ ಹೆಚ್ಚು. ಏಕೆಂದರೆ ಹಿಡಿಯ ಭಾರದ ಕೇಂದ್ರ ಬೆರಳುಗಳ ಮೇಲೆಯೇ ಕೂತಿದೆ, ಸಿಂಬಿಯ ಮೇಲೆ ಕೊಡ ಕೂತ ಹಾಗೆ. ಹಿಡಿಯನ್ನು ಹೊರುವುದು ಕೈ. ಚರ್ಮ ಹೊರುವುದು ತಲೆಯನ್ನು. ಭಾರದ ಹಿಡಿಯ ಪಕ್ಷಪಾತಿಗಳು ಮರೆಯುವುದು ಇದನ್ನೇ.

ಆದರೆ ಹಿಡಿಯ ಬಾಲವನ್ನು, ಅಂದರೆ ಕೊನೆಯ ತುದಿಯನ್ನು, ಹಿಡಿದಾಗ ಲೆಕ್ಕ ಬದಲಾಗುತ್ತದೆ. ಆಗ ಅಲ್ಯೂಮಿನಿಯಂ 39 ಗ್ರಾಂ ಒತ್ತಿತು, ಹಿತ್ತಾಳೆ 58. ಮಂಚದ ಪಕ್ಕದಲ್ಲಿ ಬಗ್ಗಿ ಇನ್ನೊಬ್ಬರ ಮುಖ ಹೆರೆಯುವವನು ಹಿಡಿಯಬೇಕಾದದ್ದು ಈ ಬಾಲವನ್ನೇ. ಮಧ್ಯೆ ಹಿಡಿದರೆ ಗೆಣ್ಣುಗಳು ಮೂಗಿಗೋ ದಿಂಬಿಗೋ ತಾಗುತ್ತವೆ. ತನ್ನ ಕೆನ್ನೆಯ ಮೇಲೆ ಎರಡು ಗ್ರಾಮಿನ ವ್ಯತ್ಯಾಸ ಮಾಡುವ ಹಿಡಿ ಮಲಗಿದವರ ಕೆನ್ನೆಯ ಮೇಲೆ ಒಂದಕ್ಕೆ ಒಂದೂವರೆಯಷ್ಟು ಭಾರವಾಗುತ್ತದೆ. ನಾನು ತಂದೆಯವರಿಗೆ ಅವರ ಹಳೆಯ ಹಗುರ ಹಿಡಿಯನ್ನೇ ಗೊತ್ತುಮಾಡಿದೆ. ಈ ತಕ್ಕಡಿಯ ವೈಭವವನ್ನೆಲ್ಲ ಮಲಗಿದಲ್ಲಿಂದಲೇ ನೋಡುತ್ತಿದ್ದ ಅವರು, “ಏನೋ, ತೂಕ ಹಾಕಿದ್ದು ಮುಗೀತೇನೋ? ನೊರೆ ಒಣಗ್ತಾ ಇದೆ” ಎಂದರು.

ಇನ್ನೂ ಒಂದು ಅಂಶವನ್ನು ಆ ತಕ್ಕಡಿ ತೋರಿಸಿತು. ನಾನು ನನ್ನ ಮುಖಕ್ಕೆ ಎಂದಿನಂತೆ ಒತ್ತುವಷ್ಟು ಒತ್ತಿ ನೋಡಿದಾಗ ಅಂಕಿ 150 ದಾಟಿತು. ಕೈಯ ಅಭ್ಯಾಸದ ಎದುರಿಗೆ ಲೋಹದ ಭಾರ ಎಷ್ಟರದು! ಐದು ಸಾವಿರ ರೂಪಾಯಿಯ ಹಿಡಿಯನ್ನು ಕೊಂಡವನೂ ಮೊದಲು ತನ್ನ ಮುಷ್ಟಿಯನ್ನು ಸಡಿಲಿಸಬೇಕು.

ಹಾಗಾದರೆ ಭಾರದ ಹಿಡಿಗೆ ಗುಣವೇ ಇಲ್ಲವೆ? ಉಂಟು, ಅದು ಒತ್ತಡದಲ್ಲಿಲ್ಲ, ಜಡತ್ವದಲ್ಲಿದೆ. ಭಾರವಾದ ವಸ್ತು ಒಮ್ಮೆ ಚಲಿಸಿದರೆ ಸುಲಭವಾಗಿ ತಡೆಯದು, ನಡುಗದು. ಬಿರುಸಾದ ಕೂದಲೊಂದು ಅಡ್ಡ ಬಂದಾಗ ಹಗುರ ರೇಜರು ತಟಕ್ಕನೆ ನಿಂತು ಹಾರುತ್ತದೆ. ಭಾರದ್ದು ದಾಟಿ ಹೋಗುತ್ತದೆ. ಕೈನಡುಕವಿರುವವರಿಗೆ ತೂಕದ ಚಮಚ ಕೊಡುವ ಪದ್ಧತಿಯೂ ವೈದ್ಯಶಾಲೆಗಳಲ್ಲಿ ಇದೆ. ಆದರೆ ಇದಕ್ಕೂ ಒಂದು ಬೆಲೆಯಿದೆ. ಯಾವ ಕೂದಲು ತೊಡಕಿತು, ಎಲ್ಲಿ ಚರ್ಮ ಎದ್ದಿತು, ಬ್ಲೇಡು ಎಲ್ಲಿ ಮೊಂಡಾಯಿತು ಎಂಬ ಸುದ್ದಿಯನ್ನು ಹಗುರ ಹಿಡಿ ಬೆರಳಿಗೆ ಕೂಡಲೇ ಮುಟ್ಟಿಸುತ್ತದೆ; ಭಾರದ ಹಿಡಿ ಆ ಸುದ್ದಿಯನ್ನು ತನ್ನಲ್ಲೇ ನುಂಗಿಕೊಳ್ಳುತ್ತದೆ. ಪೆನ್ನಿನ ಟೊಪ್ಪಿಗೆಯನ್ನು ಹಿಂದಕ್ಕೆ ಸಿಕ್ಕಿಸಿ ಬರೆಯುವವರು, ತೆಗೆದಿಟ್ಟು ಬರೆಯುವವರು ಎಂಬ ಎರಡು ಪಂಗಡಗಳನ್ನು ನೀವು ಕಂಡಿರಬಹುದು. ಮೊದಲನೆಯವರಿಗೆ ಅಕ್ಷರ ಓಡಬೇಕು, ಎರಡನೆಯವರಿಗೆ ಕಾಗದದ ಸ್ಪರ್ಶ ತಿಳಿಯಬೇಕು. ಪರರ ಚರ್ಮದ ಮೇಲೆ ಕೈಯಿಡುವಾಗ ನನಗೆ ಬೇಕಾದದ್ದು ಸುದ್ದಿ. ಅವರಿಗೆ ನೋವಾದದ್ದು ನನಗೆ ಅವರ ಮುಖದಿಂದ ತಿಳಿಯುವ ಮೊದಲು ಹಿಡಿಯಿಂದ ತಿಳಿಯಬೇಕು.

ಸಂಖ್ಯೆಯನ್ನೇ ಹೇಳಬೇಕೆಂದು ಒತ್ತಾಯಿಸುವವರಿಗೆ ನನ್ನ ಲೆಕ್ಕ ಇದು. ನಿಂತು ತಾನೇ ಹೆರೆದುಕೊಳ್ಳುವವರಿಗೆ ಹಿಡಿಯ ತೂಕ ತಲೆಯ ತೂಕವನ್ನು ಬಹಳ ಮೀರದಿರಲಿ; ಎರಡೂ ಕೂಡಿ ಹಳೆಯ ಲೆಕ್ಕದಲ್ಲಿ ಐದು ತೊಲ, ಈಗಿನದರಲ್ಲಿ ಸುಮಾರು 58 ಗ್ರಾಂ ಆದರೆ ಸಾಕು. ಹಿತ್ತಾಳೆಯೇ ಬೇಕೆಂದರೆ ಕೊಳವೆಯಂತೆ ಟೊಳ್ಳಾದ ಹಿಡಿ ಒಳ್ಳೆಯದು. ತೋರುಬೆರಳಿನ ಮೇಲೆ ರೇಜರನ್ನು ಅಡ್ಡಲಾಗಿಟ್ಟು ಸಮತೂಗಿಸಿ ನೋಡಿ. ಸಮತೂಗುವ ಜಾಗ ತಲೆಯ ಕಡೆಗೇ, ಎರಡು ಮೂರು ಸೆಂಟಿಮೀಟರಿನೊಳಗೆ ಇರಬೇಕು. ನನ್ನ ಅಲ್ಯೂಮಿನಿಯಂ ಹಿಡಿಯದು ತಲೆಯಿಂದ ಎರಡು ಸೆಂಟಿಮೀಟರಿನಲ್ಲಿತ್ತು, ಹಿತ್ತಾಳೆಯದು ಮೂರನ್ನು ದಾಟಿತ್ತು. ಮಲಗಿದವರ ಮುಖ ಹೆರೆಯುವವರಿಗೆ ಇದಕ್ಕಿಂತ ಹಗುರವಾದಷ್ಟೂ ಕ್ಷೇಮ, ಬ್ಲೇಡು ಹೊಸದಾಗಿದ್ದಷ್ಟೂ ಕ್ಷೇಮ.

ಒಂದು ತೊಂದರೆ ಉಳಿಯುತ್ತದೆ. ನುಣುಪಾದ ಹಗುರ ಹಿಡಿ ಸೋಪಿನ ಕೈಯಲ್ಲಿ ಜಾರುತ್ತದೆ. ಜಾರುವ ಭಯಕ್ಕೆ ಬೆರಳು ಬಿಗಿಯುತ್ತದೆ, ಬಿಗಿದ ಬೆರಳು ಒತ್ತುತ್ತದೆ. ಗಟ್ಟಿ ಹಿಡಿಗಳ ಮೇಲೆ ಕೊರೆದಿರುವ ಚೌಕುಳಿ ಗೆರೆಗಳು ಇದಕ್ಕಾಗಿಯೇ. ತಂದೆಯವರ ಹಿಡಿಯ ಗೆರೆಗಳು ಎಂದೋ ಸವೆದುಹೋಗಿದ್ದುವು. ಹೂ ಕಟ್ಟುವ ದಾರವನ್ನು ಹಿಡಿಯ ಬಾಲಕ್ಕೆ ಒತ್ತಾಗಿ ಎರಡಂಗುಲ ಸುತ್ತಿ ಗಂಟುಹಾಕಿದ್ದೇನೆ. ದಾರ ನೆನೆದಷ್ಟೂ ಹಿಡಿತ ಹೆಚ್ಚು. ಹದಿನೈದು ದಿನಕ್ಕೊಮ್ಮೆ ಬದಲಾಯಿಸಿದರೆ ಸಾಕು.