ದಾಳಿಂಬೆ ಸಿಪ್ಪೆಯ ಬಣ್ಣ, ಮನೆಯಲ್ಲೇ ಹೊಲಿದ ರವಕೆ

ಗೋರೆಗಾಂವ್: ಮನೆಯಲ್ಲೇ ರವಕೆ ಹೊಲಿಯುವ ನಮ್ಮ ಮಹಿಳೆಯರು ಬಟ್ಟೆಗೆ ಬಣ್ಣವನ್ನೂ ತಾವೇ ಹಾಕಬಹುದು. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ‘ಚರಕ’ದ ಮಹಿಳೆಯರು ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣದ ಉಡುಪು ತಯಾರಿಸಿಯೇ ಸಂಸಾರ ತೂಗಿಸಿದವರು. ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ 2017ರಲ್ಲಿ ಬೆಂಗಳೂರಿನಲ್ಲಿ ಉಪವಾಸವನ್ನೂ ಕೂತರು.

ಊರಿನಿಂದ ಚೊಗರು ತರಿಸಲಾಗದಿದ್ದರೆ ಕಸದ ಬುಟ್ಟಿಗೆ ಹೋಗುವ ದಾಳಿಂಬೆ ಸಿಪ್ಪೆ ಸಾಕು. ಹತ್ತಿ ಬಟ್ಟೆಯನ್ನು ಗಂಜಿ ಹೋಗುವಂತೆ ಒಗೆದು, ಪಟಿಕದ (ಇಲ್ಲಿನ ಅಂಗಡಿಯಲ್ಲಿ ‘ತುರಟಿ’ ಎನ್ನಿ) ನೀರಿನಲ್ಲಿ ನೆನೆಸಿ, ಸಿಪ್ಪೆ ಕುದಿಸಿ ಸೋಸಿದ ನೀರಿನಲ್ಲಿ ಬೇಯಿಸಿದರೆ ಹಳದಿ ಸಿದ್ಧ. ಸ್ಟೀಲ್ ಪಾತ್ರೆಯೇ ಇರಲಿ, ಕಬ್ಬಿಣ ತಗಲಿದರೆ ಹಳದಿ ಕಪ್ಪಾದೀತು. ಬಟ್ಟೆ ಕುಗ್ಗುವುದರಿಂದ ಬಣ್ಣ ಮೊದಲು, ಕತ್ತರಿ ಆಮೇಲೆ. ನೆರಳಲ್ಲಿ ಒಣಗಿಸಬೇಕು, ಇಲ್ಲಿನ ಫ್ಲ್ಯಾಟುಗಳಲ್ಲಿ ನೆರಳಿಗೇನು ಬರ!