ತೋಟದ ವಿಷ ಡಾಲ್ಫಿನ್ ರಕ್ತಕ್ಕೆ ಸೇರೋದು ಹೇಗೆ?

ಸಾಗರ: ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರ ದಾಟಿ, ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಆ ಕರಾವಳಿಯಲ್ಲಿ ಡಾಲ್ಫಿನ್‌ಗಳಿವೆ. ಗದ್ದೆ, ತೋಟದಿಂದ ಮಳೆನೀರಲ್ಲಿ ಕೊಚ್ಚಿ ಈ ನದಿಯ ಹಳ್ಳಗಳಿಗೆ ಬೀಳುವ ಔಷಧಿಗೂ ಅದೇ ದಾರಿ.

ಡಿಡಿಟಿಯಂಥ ರಾಸಾಯನಿಕಗಳು ಬೇಗ ನಾಶವಾಗಲ್ಲ, ಪ್ರಾಣಿಗಳ ಕೊಬ್ಬಿನಲ್ಲಿ ಕೂರುತ್ತವೆ. ಸಣ್ಣ ಮೀನನ್ನು ದೊಡ್ಡ ಮೀನು, ದೊಡ್ಡ ಮೀನನ್ನು ಡಾಲ್ಫಿನ್ ತಿಂದಂತೆ ವಿಷದ ಪ್ರಮಾಣ ಏರುತ್ತಾ ಹೋಗುತ್ತೆ. ಆಹಾರ ಸಿಗದೆ ಸೊರಗಿದಾಗ ಡಾಲ್ಫಿನ್, ತಿಮಿಂಗಿಲಗಳ ಕೊಬ್ಬು ಕರಗಿ ವಿಷ ರಕ್ತಕ್ಕೆ ಇಳಿಯುತ್ತದೆ. ತಾಯಿ ಹಾಲಿನಿಂದ ಮರಿಗೂ ಹೋಗುತ್ತೆ. ಚೊಚ್ಚಲ ಮರಿಗೇ ಹೆಚ್ಚು. ರೋಗನಿರೋಧಕ ಶಕ್ತಿ, ಸಂತಾನ ಶಕ್ತಿ ಎರಡೂ ಕುಗ್ಗುವ ಅಪಾಯವಿದೆ.

ದೇಶದಲ್ಲಿ ಕೃಷಿಗೆ ಡಿಡಿಟಿ ಬಳಕೆ ನಿಷೇಧವಾಗಿದ್ದು 1989ರಲ್ಲಿ. ಎಂಡೋಸಲ್ಫಾನ್‌ಗೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ತಡೆ ಹಾಕಿತು. ಆದರೆ ಮಣ್ಣಿಗೆ ಬಿದ್ದ ಡಿಡಿಟಿ ವರ್ಷಗಟ್ಟಲೆ ಉಳಿಯುತ್ತೆ.

ಕೊಟ್ಟಿಗೆ ಮೂಲೆಯಲ್ಲಿ ಹಳೇ ಔಷಧಿ ಬಾಟಲಿ ಇದ್ದರೆ ಹಳ್ಳಕ್ಕೆ ಸುರಿಯಬೇಡಿ, ಸ್ಪ್ರೇ ಕ್ಯಾನನ್ನೂ ಅಲ್ಲಿ ತೊಳೆಯಬೇಡಿ. ಏನು ಮಾಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಸಮುದ್ರ ದೂರ ಇರಬಹುದು, ಆದರೆ ಆ ಹಳ್ಳದ ನೀರು, ಮೀನು ಮೊದಲು ಬರೋದು ನಮ್ಮ ಮನೆಗೇ.