ಮೀನಿನ ಮುಂದೆ ಅರ್ಧ ಗಂಟೆ: ಮೂರು ತಲೆಮಾರಿಗೂ ಒಳ್ಳೆಯದಾಗುವ ಭಾನುವಾರ

🐟 *ಆರೋಗ್ಯ ಮಾಲಿಕೆ: ಹೊರನಾಡ ಕನ್ನಡ ಕುಟುಂಬಗಳಿಗಾಗಿ*



ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲೇ ಇರಲಿ, ನಮ್ಮ ಮನೆಗಳಲ್ಲಿ ಭಾನುವಾರದ ಕಥೆ ಹೆಚ್ಚುಕಡಿಮೆ ಒಂದೇ. ಮಕ್ಕಳಿಗೆ ಮಾಲ್ ಬೇಕು. ಗಂಡ ಹೆಂಡತಿಗೆ ವಾರದ ದಣಿವು. ಊರಿನಿಂದ ಬಂದಿರುವ ಅಜ್ಜಿ ತಾತನಿಗೆ ಮಾಲಿನಲ್ಲಿ ಕಾಲು ನೋವು, ಗದ್ದಲ, ಎಸ್ಕಲೇಟರ್ ಭಯ. ಕೊನೆಗೆ ಅವರು "ನೀವು ಹೋಗಿ ಬನ್ನಿ, ನಾವು ಮನೇಲೇ ಇರ್ತೀವಿ" ಅಂದುಬಿಡುತ್ತಾರೆ. ಹೀಗೆ ವಾರಗಟ್ಟಲೆ ಅವರು ನಾಲ್ಕು ಗೋಡೆಯೊಳಗೇ ಉಳಿಯುತ್ತಾರೆ.

ಎಲ್ಲರನ್ನೂ ಕರೆದುಕೊಂಡು ಹೋಗಬಹುದಾದ, ಹೆಚ್ಚು ಖರ್ಚಿಲ್ಲದ, ದೇಹಕ್ಕೂ ಮನಸ್ಸಿಗೂ ಹಿತವಾದ ಒಂದು ಜಾಗ ಸಿಹಿನೀರಿನ ಮೀನುಗಳ ಅಕ್ವೇರಿಯಂ. ಅಲ್ಲಿ ಬಿಸಿಲಿಲ್ಲ, ಓಡಾಟ ಕಡಿಮೆ. ನೋಡಲು ಭಾಷೆಯೂ ಬೇಕಿಲ್ಲ. ಅಲ್ಲಿಗೆ ಹೋದರೆ ಆರೋಗ್ಯಕ್ಕೇನು ಲಾಭ, ಹೇಗೆ ನೋಡಬೇಕು, ಯಾವುದರ ಬಗ್ಗೆ ಎಚ್ಚರ ಬೇಕು, ತಿಳಿಯೋಣ.

*1. ಮೀನು ನೋಡಿದರೆ ಬಿಪಿ ಇಳಿಯುತ್ತದೆಯೇ?*

ಸ್ವಲ್ಪ ಹೊತ್ತಿನ ಮಟ್ಟಿಗೆ ಹೌದು ಎನ್ನುತ್ತವೆ ಅಧ್ಯಯನಗಳು.

🔹 ಇಂಗ್ಲೆಂಡಿನ ಪ್ಲಿಮತ್‌ನ ರಾಷ್ಟ್ರೀಯ ಅಕ್ವೇರಿಯಂನಲ್ಲಿ ಒಂದು ದೊಡ್ಡ ತೊಟ್ಟಿಗೆ ಹಂತ ಹಂತವಾಗಿ ಮೀನು ಬಿಡುತ್ತಿದ್ದಾಗ, ಅದನ್ನು ನೋಡುತ್ತಾ ಕುಳಿತವರ ನಾಡಿಬಡಿತ ಮತ್ತು ಬಿಪಿಯನ್ನು ಸಂಶೋಧಕರು ಅಳೆದರು. ಎರಡೂ ಇಳಿದವು. ಮೀನು ಹೆಚ್ಚಾದಂತೆ ಜನ ಹೆಚ್ಚು ಹೊತ್ತು ನೋಡಿದರು, ಅವರ ಮನಸ್ಸೂ ಹಗುರಾಯಿತು. ಇದು ಪ್ರಕಟವಾದದ್ದು 2015ರಲ್ಲಿ. ಅದು ಸಮುದ್ರದ ಮೀನಿನ ತೊಟ್ಟಿ, ಆದರೆ ನಿಧಾನವಾಗಿ ಈಜುವ ಮೀನನ್ನು ನೋಡುವ ಅನುಭವ ಸಿಹಿನೀರಿನಲ್ಲೂ ಅದೇ.

🔹 ಅದಕ್ಕೂ ಬಹಳ ಮೊದಲು, 1984ರಲ್ಲಿ, ಅಮೆರಿಕದ ಸಂಶೋಧಕರು ಹಲ್ಲಿನ ಶಸ್ತ್ರಚಿಕಿತ್ಸೆಗೆ ಬಂದವರನ್ನು ಮೊದಲು ಮೀನಿನ ತೊಟ್ಟಿಯ ಮುಂದೆ ಕೂರಿಸಿ, ಅವರ ಆತಂಕ ಕಡಿಮೆಯಾಗುವುದನ್ನು ಗಮನಿಸಿದ್ದರು. ಎಷ್ಟೋ ದಂತವೈದ್ಯರ ಕ್ಲಿನಿಕ್‌ನಲ್ಲಿ ಮೀನಿನ ತೊಟ್ಟಿ ಇರುವುದು ಬರೀ ಅಲಂಕಾರಕ್ಕಲ್ಲ.

🔹 2002ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕದ ಅಧ್ಯಯನದಲ್ಲಿ, ಮರೆವಿನ ಕಾಯಿಲೆ ಇರುವ ವೃದ್ಧರ ಊಟದ ಕೋಣೆಯಲ್ಲಿ ಮೀನಿನ ತೊಟ್ಟಿ ಇಟ್ಟರು. ಅವರು ಊಟದ ಮೇಜಿನಲ್ಲಿ ಹೆಚ್ಚು ಹೊತ್ತು ಕುಳಿತರು, ಮೊದಲಿಗಿಂತ ಹೆಚ್ಚು ಊಟ ಮಾಡಿದರು, ತೂಕವೂ ಕೊಂಚ ಏರಿತು.

⚠️ ಇದು ಔಷಧಿಯಲ್ಲ. ಬಿಪಿ ಮಾತ್ರೆ ನಿಲ್ಲಿಸಬೇಡಿ. ನಡಿಗೆ, ನಿದ್ರೆ, ಊಟದಲ್ಲಿ ಉಪ್ಪು ಕಡಿಮೆ ಮಾಡುವುದು, ಇವುಗಳ ಜೊತೆಗೆ ಇದೂ ಒಂದು ಒಳ್ಳೆಯ ಅಭ್ಯಾಸ, ಅಷ್ಟೇ.

*2. ಓಡುತ್ತಾ ನೋಡಿದರೆ ಲಾಭವಿಲ್ಲ*

ಹೆಚ್ಚಿನವರು ಅಕ್ವೇರಿಯಂ ಒಳಗೆ ಹೋಗಿ, ಪ್ರತಿ ತೊಟ್ಟಿಯ ಮುಂದೆ ಒಂದು ಫೋಟೋ ತೆಗೆದು, ಇಪ್ಪತ್ತು ನಿಮಿಷದಲ್ಲಿ ಹೊರಗೆ ಬರುತ್ತಾರೆ. ಹಾಗೆ ಮಾಡಿದರೆ ನೋಡಿದ್ದು ಮೀನನ್ನಲ್ಲ, ಫೋನನ್ನು. ಬದಲಿಗೆ ಹೀಗೆ ಮಾಡಿ:

✅ ಮೊದಲು ಎಲ್ಲ ತೊಟ್ಟಿಗಳನ್ನೂ ಒಂದು ಸುತ್ತು ನೋಡಿ. ಆಮೇಲೆ ಮನೆಯ ಪ್ರತಿಯೊಬ್ಬರೂ ತಮಗಿಷ್ಟವಾದ ಒಂದು ತೊಟ್ಟಿ ಆರಿಸಲಿ. ಅದರ ಮುಂದೆ ಎಲ್ಲರೂ ಐದು ನಿಮಿಷ ನಿಲ್ಲಿ.
✅ ಅಜ್ಜಿ ತಾತನಿಗೆ ಕುಳಿತುಕೊಳ್ಳಲು ಬೆಂಚು ಇರುವ ತೊಟ್ಟಿ ಹುಡುಕಿ. ಇಲ್ಲದಿದ್ದರೆ ಮಡಚುವ ಸ್ಟೂಲ್ ಒಯ್ಯಬಹುದೇ ಎಂದು ಕೌಂಟರಿನಲ್ಲಿ ಕೇಳಿ.
✅ ಫೋನ್ ಚೀಲದಲ್ಲಿರಲಿ. ಕೊನೆಗೆ ಒಂದೇ ಒಂದು ಫೋಟೋ, ಫ್ಲ್ಯಾಶ್ ಇಲ್ಲದೆ.
✅ ಮಕ್ಕಳು ಗಾಜು ಬಡಿಯದಂತೆ ನೋಡಿಕೊಳ್ಳಿ. ಮೀನಿನ ಮೈಯ ಎರಡೂ ಪಕ್ಕದಲ್ಲಿ ಕಂಪನ ಗ್ರಹಿಸುವ ಸಾಲು ಇರುತ್ತದೆ. ನಮಗೆ ಸಣ್ಣ ಸದ್ದು ಅನಿಸಿದ್ದು ಅದಕ್ಕೆ ದೊಡ್ಡ ಗಾಬರಿ.

ಮಕ್ಕಳಿಗೆ ಬೇಸರವಾಗದಿರಲು ಕನ್ನಡದಲ್ಲೇ ಒಗಟಿನ ಆಟ ಆಡಿಸಿ: ಮೀಸೆ ಇರುವ ಮೀನು ಯಾವುದು? ಮೇಲೆ ಬಂದು ಗಾಳಿ ಗುಟುಕರಿಸುವ ಮೀನು ಯಾವುದು? ಮೀನು ಕಣ್ಣು ಯಾಕೆ ಮುಚ್ಚುವುದಿಲ್ಲ? (ಅದಕ್ಕೆ ರೆಪ್ಪೆ ಇಲ್ಲ!) ಚಪ್ಪಟೆ ತಟ್ಟೆಯಂಥ ಡಿಸ್ಕಸ್ ಮೀನು ಕಂಡರೆ ಇದನ್ನು ಹೇಳಿ: ಅದರ ಮರಿಗಳು ಹುಟ್ಟಿದ ಮೊದಲ ದಿನಗಳಲ್ಲಿ ಅಪ್ಪ ಅಮ್ಮ ಇಬ್ಬರ ಮೈಮೇಲಿನ ಲೋಳೆಯನ್ನೇ ತಿಂದು ಬೆಳೆಯುತ್ತವೆ. ಬೆಳ್ಳಿ ಬಣ್ಣದ ಅರೋವಾನಾದಲ್ಲಿ ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವುದು ಅಪ್ಪ ಮೀನು. ಅಪ್ಪಂದಿರು ಇದನ್ನು ಗಮನಿಸಬೇಕು 🙂

*3. ಮೀನು ಕಲಿಸುವ ಕಿಡ್ನಿ ಪಾಠ*

"ಮೀನಿಗೆ ಬಾಯಾರುತ್ತಾ?" ಎಂದು ಮಗು ಕೇಳಿದರೆ ಉತ್ತರ ಹೀಗಿದೆ. ಸಿಹಿನೀರಿನ ಮೀನಿನ ಮೈಯೊಳಗೆ ಉಪ್ಪಿನಂಶ ಹೆಚ್ಚು, ಹೊರಗಿನ ನೀರಿನಲ್ಲಿ ಕಡಿಮೆ. ಹಾಗಾಗಿ ಕಿವಿರುಗಳ ಮೂಲಕ ನೀರು ತಾನಾಗಿ ಒಳಗೆ ಬರುತ್ತಲೇ ಇರುತ್ತದೆ. ಅದು ನೀರು ಕುಡಿಯುವ ಅಗತ್ಯವೇ ಇಲ್ಲ. ಒಳಗೆ ಬಂದ ಹೆಚ್ಚುವರಿ ನೀರನ್ನು ಅದರ ಕಿಡ್ನಿ ತೆಳುವಾದ ಮೂತ್ರವಾಗಿ ಹೊರಹಾಕುತ್ತದೆ. ಸಮುದ್ರದ ಮೀನಿನದು ಉಲ್ಟಾ: ಅದು ನೀರು ಕುಡಿಯಬೇಕು, ಉಪ್ಪನ್ನು ಹೊರಹಾಕಬೇಕು.

ತೊಟ್ಟಿಯ ಫಿಲ್ಟರನ್ನೂ ತೋರಿಸಿ. ಮೀನು ಹೊರಹಾಕುವ ಅಮೋನಿಯಾ ವಿಷ. ಫಿಲ್ಟರಿನಲ್ಲಿ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಕಸ ಹೊರಹೋಗದಿದ್ದರೆ ತೊಟ್ಟಿಯ ಮೀನು ಸಾಯುತ್ತದೆ. ನಮ್ಮ ಕಿಡ್ನಿ ಕೆಟ್ಟರೆ ನಮ್ಮ ರಕ್ತದಲ್ಲೂ ಕಸ ಹೀಗೇ ತುಂಬುತ್ತದೆ. ತಾತ ಶುಗರ್ ಮತ್ತು ಬಿಪಿ ಮಾತ್ರೆ ತಪ್ಪಿಸಬಾರದು ಎಂಬುದಕ್ಕೆ ಇದಕ್ಕಿಂತ ಸುಲಭದ ವಿವರಣೆ ಇಲ್ಲ.

*4. ಅಂದು ಅಜ್ಜಿ ತಾತನೇ ಗೈಡ್*

ಹೊರನಾಡಿನ ಮನೆಗಳಲ್ಲಿ ನಾವು ಬಾಯಿಬಿಟ್ಟು ಹೇಳದ ಒಂದು ಕಾಯಿಲೆಯಿದೆ. ಅದು ಹಿರಿಯರ ಒಂಟಿತನ. ಅಕ್ಕಪಕ್ಕದವರ ಭಾಷೆ ಬಾರದು. ಮೊಮ್ಮಗು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುತ್ತದೆ. ದಿನವಿಡೀ ಮಾತಾಡಲು ಟಿವಿ ಮಾತ್ರ. ದೀರ್ಘಕಾಲದ ಒಂಟಿತನದಿಂದ ಹೃದಯದ ಕಾಯಿಲೆ, ಪಾರ್ಶ್ವವಾಯು, ಮರೆವಿನ ಅಪಾಯ ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಎಚ್ಚರಿಸಿದೆ.

ಅಕ್ವೇರಿಯಂನಲ್ಲಿ ಈ ಲೆಕ್ಕ ತಿರುಗಿಬೀಳುತ್ತದೆ. ಯಾಕೆಂದರೆ ಅಲ್ಲಿ ತಿಳಿದವರು ಅವರೇ. ಕೆರೆ ಕೋಡಿ ಬಿದ್ದಾಗ ಮೀನು ಹತ್ತಿ ಬಂದದ್ದು, ಗದ್ದೆಯ ನೀರಿನಲ್ಲಿ ಹಾವುಮೀನು ಕಂಡು ಓಡಿದ್ದು, ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನಿಗೆ ಮಂಡಕ್ಕಿ ಹಾಕಿದ್ದು, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ದೇವರ ಮೀನುಗಳನ್ನು ನೋಡಿದ್ದು, ಇವೆಲ್ಲ ಅವರ ಬಳಿ ಇರುವ ಕಥೆಗಳು. ಆ ಎರಡು ಕ್ಷೇತ್ರಗಳಲ್ಲಿ ಕಾಣುವ ದೊಡ್ಡ ಮೀನುಗಳು ಮಹಶೀರ್ ಜಾತಿಯವು. ಅವುಗಳನ್ನು ಯಾರೂ ಹಿಡಿಯುವುದಿಲ್ಲ. 1996ರಲ್ಲಿ ಶಿಶಿಲದ ನದಿಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ, ಅಲ್ಲಿನ ಜನ ಅವುಗಳಿಗೊಂದು ಸ್ಮಾರಕವನ್ನೇ ಕಟ್ಟಿದರು.

ಇಂಥ ಕಥೆ ಕೇಳಲು ಮಗುವಿಗೆ ಕನ್ನಡ ಬೇಕಾಗುತ್ತದೆ. ಹೇಳಲು ಅಜ್ಜಿಗೆ ಒಬ್ಬ ಕೇಳುಗ ಸಿಗುತ್ತಾನೆ. ನೀವು ಮಾಡಬೇಕಾದದ್ದು ಇಷ್ಟೇ: ಒಂದು ತೊಟ್ಟಿಯ ಮುಂದೆ ನಿಂತು, "ಅಮ್ಮ, ನಿಮ್ಮೂರ ಹೊಳೆಯಲ್ಲಿ ಯಾವ ಮೀನು ಇರ್ತಿತ್ತು?" ಎಂದು ಕೇಳಿ, ಆಮೇಲೆ ನಡುವೆ ಬಾಯಿ ಹಾಕದೆ ಸುಮ್ಮನಿರಿ.

*5. ಎಲ್ಲಿಗೆ ಹೋಗಬಹುದು?*

🔸 *ಹೈದರಾಬಾದ್:* ನೆಹರೂ ಪ್ರಾಣಿಸಂಗ್ರಹಾಲಯದೊಳಗೆ ಅಕ್ವೇರಿಯಂ ಇದೆ. ತೆಲಂಗಾಣದ ರಾಜ್ಯ ಮೀನು ಕೊರ್ರಮೀನು. ಅದು ನೀರಿನ ಮೇಲೆ ಬಂದು ಗಾಳಿಯನ್ನೂ ಉಸಿರಾಡಬಲ್ಲದು.
🔸 *ಚೆನ್ನೈ:* ಈಸ್ಟ್ ಕೋಸ್ಟ್ ರಸ್ತೆಯ ವಿಜಿಪಿ ಮರೀನ್ ಕಿಂಗ್‌ಡಮ್‌ನಲ್ಲಿ ಸಮುದ್ರದ ಮೀನುಗಳ ಜೊತೆಗೆ ಮಳೆಕಾಡಿನ ಹೊಳೆಯ ವಿಭಾಗವೂ ಇದೆ. ಟಿಕೆಟ್ ಸ್ವಲ್ಪ ದುಬಾರಿ. ಖರ್ಚಿಲ್ಲದೆ ನೋಡಬೇಕಿದ್ದರೆ ಕೊಳತ್ತೂರಿನ ಬಣ್ಣದ ಮೀನಿನ ಅಂಗಡಿ ಸಾಲು ಸಾಕು.
🔸 *ಮುಂಬೈ:* ಮರೀನ್ ಡ್ರೈವ್‌ನಲ್ಲಿ 1951ರಲ್ಲಿ ಆರಂಭವಾದ ತಾರಾಪೋರ್‌ವಾಲಾ ಅಕ್ವೇರಿಯಂ ಕೋವಿಡ್ ಕಾಲದಲ್ಲಿ ಮುಚ್ಚಿತು. ಮತ್ತೆ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಿ.
🔸 *ಪುಣೆ, ದೆಹಲಿ ಮತ್ತು ಉಳಿದೆಡೆ:* ಹತ್ತಿರದ ದೊಡ್ಡ ಬಣ್ಣದ ಮೀನಿನ ಅಂಗಡಿಗೆ, ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ. ಅಂಗಡಿಯವರನ್ನು ಕೇಳಿಕೊಂಡರೆ ನಿಂತು ನೋಡಲು ಬಿಡುತ್ತಾರೆ.
🔸 *ರಜೆಗೆ ಊರಿಗೆ ಹೋದಾಗ:* ಬೆಂಗಳೂರಿನ ಕಬ್ಬನ್ ಪಾರ್ಕ್ ಬಳಿ 1983ರಲ್ಲಿ ಆರಂಭವಾದ ಸರ್ಕಾರಿ ಮತ್ಸ್ಯಾಲಯವಿದೆ.

ಹೆಚ್ಚಿನ ಕಡೆ ವಾರಕ್ಕೊಂದು ರಜೆ ಇರುತ್ತದೆ, ದುರಸ್ತಿಗೂ ಆಗಾಗ ಮುಚ್ಚುತ್ತಾರೆ. ಫೋನ್ ಮಾಡಿ ಕೇಳಿ ಹೋಗಿ. ಬೆಳಗ್ಗೆ ತೆರೆಯುವ ಹೊತ್ತಿಗೇ ಹೋದರೆ ಗದ್ದಲ ಕಡಿಮೆ.

*6. ಇವುಗಳನ್ನು ಮರೆಯಬೇಡಿ*

⚠️ *ಫಿಶ್ ಸ್ಪಾ ಬೇಡ:* ಕಾಲನ್ನು ನೀರಿನಲ್ಲಿಟ್ಟು ಮೀನಿನಿಂದ ಕಚ್ಚಿಸಿಕೊಳ್ಳುವ ಸ್ಪಾಗಳು ಈಗ ಮಾಲ್‌ಗಳಲ್ಲೂ ಇವೆ. ಒಬ್ಬರ ನಂತರ ಒಬ್ಬರು ಅದೇ ನೀರಿನಲ್ಲಿ ಕಾಲಿಡುತ್ತಾರೆ. ಮೀನಿರುವ ನೀರನ್ನು ಕ್ರಿಮಿನಾಶಕದಿಂದ ಶುದ್ಧ ಮಾಡುವಂತಿಲ್ಲ. ಶುಗರ್ ಇರುವವರ ಕಾಲಿಗೆ ಸ್ಪರ್ಶ ಕಡಿಮೆ ಇರಬಹುದು, ಸಣ್ಣ ಗಾಯವೂ ಹುಣ್ಣಾಗಬಹುದು. ಶುಗರ್ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು, ಕಾಲಲ್ಲಿ ಗಾಯವಿರುವವರು ಇದರ ಹತ್ತಿರ ಹೋಗಲೇಬಾರದು.

⚠️ *ಕೈ ತೊಳೆಯಿರಿ:* ತೊಟ್ಟಿಯ ನೀರನ್ನೋ ಆಮೆಯನ್ನೋ ಮುಟ್ಟಿದ್ದರೆ ತಿಂಡಿಗೆ ಮೊದಲು ಸೋಪಿನಿಂದ ಕೈ ತೊಳೆಯಬೇಕು. ಆಮೆಯಿಂದ ಸಾಲ್ಮೊನೆಲ್ಲಾ ಸೋಂಕು ಬರಬಹುದು. ಕೈಯಲ್ಲಿ ಗಾಯವಿದ್ದಾಗ ತೊಟ್ಟಿಯೊಳಗೆ ಕೈ ಹಾಕಿದರೆ, ವಾರಗಟ್ಟಲೆ ವಾಸಿಯಾಗದ ಚರ್ಮದ ಗಂಟು ಬರುವುದುಂಟು. ಹಾಗಾದರೆ ವೈದ್ಯರಿಗೆ ಮೀನಿನ ತೊಟ್ಟಿಯ ವಿಷಯವನ್ನು ತಪ್ಪದೆ ಹೇಳಿ.

⚠️ *ಹಿರಿಯರ ಚೀಲ:* ನೀರು, ಮಾತ್ರೆ, ಶುಗರ್ ಇಳಿದರೆ ಬೇಕಾಗುವ ಸಕ್ಕರೆ ಅಥವಾ ಗ್ಲೂಕೋಸ್. ಒಳಗೆ ಕತ್ತಲೆ, ನೆಲ ಒದ್ದೆ ಇರಬಹುದು. ಜಾರದ ಚಪ್ಪಲಿ ಇರಲಿ, ಮೆಟ್ಟಿಲಲ್ಲಿ ಕೈ ಹಿಡಿಯಿರಿ.

⚠️ *ಮಕ್ಕಳ ಕಣ್ಣು:* ಅಕ್ವೇರಿಯಂ ಒಳಗೆ ಬೆಳಕು ಕಡಿಮೆ. ಮಕ್ಕಳಿಗೆ ಹೊರಗಿನ ಬೆಳಕಿನಲ್ಲಿ ಆಡುವುದು ದೂರದೃಷ್ಟಿ ಕುಗ್ಗುವುದನ್ನು ತಡೆಯಲು ನೆರವಾಗುತ್ತದೆ. ಆದ್ದರಿಂದ ಹೊರಬಂದ ಮೇಲೆ ಪಾರ್ಕಿನಲ್ಲಿ ಒಂದು ಗಂಟೆ ಆಡಲು ಬಿಡಿ. ಬುತ್ತಿ ಮನೆಯದೇ ಇರಲಿ: ಚಪಾತಿ ಪಲ್ಯ, ಮೊಸರನ್ನ, ಎರಡು ಬಾಳೆಹಣ್ಣು.

*7. "ಅಪ್ಪಾ, ನಮಗೂ ಮೀನು ಬೇಕು!"*

ವಾಪಸ್ ಬರುವಾಗ ಮಕ್ಕಳು ಹೀಗೆ ಹಟ ಹಿಡಿಯುವುದು ಖಂಡಿತ. ಗುಂಡು ಗಾಜಿನ ಬಟ್ಟಲಲ್ಲಿ ಗೋಲ್ಡ್‌ಫಿಶ್ ತರಬೇಡಿ. ಅದು ದೊಡ್ಡದಾಗಿ ಬೆಳೆಯುವ ಮೀನು, ಬಟ್ಟಲಿನ ನೀರು ಬೇಗ ವಿಷವಾಗುತ್ತದೆ. ಫಿಲ್ಟರ್ ಇರುವ ತೊಟ್ಟಿ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸುವ ಸಮಯ, ರಜೆಯಲ್ಲಿ ನೋಡಿಕೊಳ್ಳುವವರು, ಮೂರೂ ಇದ್ದರೆ ಮಾತ್ರ ತನ್ನಿ. ಮೊದಲ ಸಲಕ್ಕೆ ಗಪ್ಪಿ ಸುಲಭ.

ಗಪ್ಪಿ ಸೊಳ್ಳೆಯ ಮರಿಗಳನ್ನೂ ತಿನ್ನುತ್ತದೆ. ಕೋಲಾರ ಜಿಲ್ಲೆಯ ರೇಷ್ಮೆ ಸಾಕುವ ಹಳ್ಳಿಗಳಲ್ಲಿ, ಕೀಟನಾಶಕ ಸಿಂಪಡಿಸಿದರೆ ರೇಷ್ಮೆ ಹುಳುವೇ ಸಾಯುವ ಭಯವಿತ್ತು. ಅಲ್ಲಿ ಮಲೇರಿಯಾ ತಡೆಯಲು ಬಾವಿಗಳಿಗೆ ಗಪ್ಪಿ ಬಿಟ್ಟು ಫಲ ಕಂಡಿದ್ದಾರೆ. ಮನೆಯಲ್ಲಿ ಮಾತ್ರ ಡೆಂಗಿ ತಡೆಯಲು ಡ್ರಮ್ಮು, ಕೂಲರ್, ಹೂಕುಂಡದ ತಟ್ಟೆಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜುವುದೇ ಮುಖ್ಯ.

ಸಾಕಲು ಆಗದಿದ್ದರೆ ಮೀನನ್ನು ಕೆರೆಗೋ ನದಿಗೋ ಬಿಡಬೇಡಿ. ಹಾಗೆ ಬಿಟ್ಟ ಸಕ್ಕರ್ ಮೀನು ಈಗ ಎಷ್ಟೋ ಕೆರೆಗಳಲ್ಲಿ ತುಂಬಿ ಸ್ಥಳೀಯ ಮೀನುಗಳಿಗೆ ಕುತ್ತಾಗಿದೆ. ತಂದ ಅಂಗಡಿಗೇ ಹಿಂತಿರುಗಿಸಿ.

*ಕೊನೆಯದಾಗಿ*

ಮನೆಯಲ್ಲಿ ಬಿಪಿ ನೋಡುವ ಯಂತ್ರ ಇದ್ದರೆ, ಹೋಗುವ ಮುನ್ನ ಮತ್ತು ಬಂದು ಹತ್ತು ನಿಮಿಷ ಕುಳಿತ ಮೇಲೆ ನೋಡಿ ಬರೆದಿಡಿ. ಸಂಖ್ಯೆ ಇಳಿಯಲಿ, ಬಿಡಲಿ. ಅಂದು ರಾತ್ರಿ ಮೊಮ್ಮಗು ಅಜ್ಜಿಯ ಪಕ್ಕ ಮಲಗಿ "ಆಮೇಲೆ ಆ ಹಾವುಮೀನು ಏನಾಯ್ತು?" ಎಂದು ಕೇಳಿದರೆ, ಆ ದಿನ ಸಾರ್ಥಕ.

🙏 ಉಪಯುಕ್ತ ಅನಿಸಿದರೆ, ಊರಿನಿಂದ ಹಿರಿಯರು ಬಂದಿರುವ ಮನೆಗಳಿಗೆ ತಪ್ಪದೆ ಕಳಿಸಿ. ಔಷಧಿ, ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ.